ಸರ್ವರ್‌ಗೆ ಸದಾ ಜೋಡಿಸಿಟ್ಟ ಬ್ಯಾಕಪ್ ಸಾಕೇ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಚಿಕ್ಕ ಆಸ್ಪತ್ರೆ. ರೋಗಿಗಳ ವಿವರ, ಲ್ಯಾಬ್ ವರದಿ, ಬಿಲ್ ಎಲ್ಲವೂ ಒಂದೇ ಸರ್ವರ್‌ನಲ್ಲಿವೆ. ಬ್ಯಾಕಪ್‌ಗೆಂದು ಅದಕ್ಕೇ ಹಾರ್ಡ್ ಡಿಸ್ಕ್ ಜೋಡಿಸಿಟ್ಟಿದ್ದೇವೆ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಗ್ಗೆ ಸರ್ಕಾರ ಎಚ್ಚರಿಸುತ್ತಲೇ ಇದೆ. ನಮ್ಮಂಥವರ ಮೇಲೆ ಯಾರು ಕಣ್ಣು ಹಾಕುತ್ತಾರೆ? ಇಷ್ಟು ಸಾಲದೇ?

ಉತ್ತರ: ಸಾಲದು. ಸರ್ವರ್ ಹೊಕ್ಕ ರ‍್ಯಾನ್ಸಮ್‌ವೇರ್ ಕೈಗೆಟಕಿದ ಕಡತಗಳನ್ನೆಲ್ಲ ಕೀಲಿಯಿಲ್ಲದೆ ತೆರೆಯಲಾಗದ ಗೂಢಲಿಪಿಗೆ ತಿರುಗಿಸುತ್ತದೆ. ಜೋಡಿಸಿಟ್ಟ ಡಿಸ್ಕ್ ಕೂಡ ಅದರ ಕೈಗೆಟಕುವಂತೆಯೇ ಇರುತ್ತದೆ. ದಾಳಿಕೋರರು ಊರನ್ನಾಗಲಿ ಹಾಸಿಗೆಗಳ ಸಂಖ್ಯೆಯನ್ನಾಗಲಿ ನೋಡಿಕೊಂಡೇ ಬರಬೇಕೆಂದಿಲ್ಲ. ಅಂತರ್ಜಾಲಕ್ಕೆ ತೆರೆದುಕೊಂಡಿರುವ ಯಂತ್ರಗಳನ್ನು ತಂತ್ರಾಂಶದ ಮೂಲಕವೇ ಜಾಲಾಡುತ್ತಿರುತ್ತಾರೆ. ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ದೂರದಿಂದ ರಿಪೇರಿ ಮಾಡಲೆಂದು ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪ್ ಅವರಿಗೆ ಮೊದಲು ಕಣ್ಣಿಗೆ ಬೀಳುವಂಥದ್ದು. ನಿಮ್ಮಲ್ಲಿದ್ದರೆ ಇಂದೇ ಮುಚ್ಚಿಸಿ.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಇಂಥ ದಾಳಿಗೆ ತುತ್ತಾಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ದತ್ತಾಂಶ ಗೂಢಲಿಪಿಯಾಯಿತು. ನೋಂದಣಿ, ಲ್ಯಾಬ್ ಕೆಲಸ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. ಕಂಪ್ಯೂಟರ್ ಜಾಲವನ್ನು ಬೇರೆ ಬೇರೆ ಭಾಗಗಳಾಗಿ ಸರಿಯಾಗಿ ವಿಭಜಿಸದಿದ್ದುದೇ ಕಾರಣವೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಆದರೂ ಅಲ್ಲಿ ರೋಗಿಗಳ ವಿವರ ಇಡುವ ಇ-ಹಾಸ್ಪಿಟಲ್ ತಂತ್ರಾಂಶದ ದತ್ತಾಂಶ ಮರಳಿ ಸಿಕ್ಕಿತು. ಏಕೆಂದರೆ ಒಂದು ಬ್ಯಾಕಪ್ ಸರ್ವರ್ ದಾಳಿಗೆ ಸಿಗದೆ ಉಳಿದಿತ್ತು.

ನೀವು ಗಟ್ಟಿಯಾಗಿ ಹಿಡಿಯಬೇಕಾದದ್ದು ಇದನ್ನೇ. ಎರಡು ಡಿಸ್ಕ್ ಇಟ್ಟುಕೊಂಡು ಸರದಿಯಂತೆ ಬಳಸಿ. ನಕಲು ಮುಗಿದ ಕೂಡಲೇ ಕೇಬಲ್ ಕಿತ್ತು, ಒಂದನ್ನು ಬೇರೆ ಕಟ್ಟಡದಲ್ಲಿಡಿ. ತಿಂಗಳಿಗೊಮ್ಮೆಯಾದರೂ ಆ ಡಿಸ್ಕ್‌ನಿಂದ ಇನ್ನೊಂದು ಕಂಪ್ಯೂಟರ್‌ಗೆ ಎಲ್ಲವನ್ನೂ ಇಳಿಸಿ, ಬೀಳಗಿಯಿಂದಲೋ ಹುನಗುಂದದಿಂದಲೋ ಬಂದ ಒಬ್ಬ ರೋಗಿಯ ಲ್ಯಾಬ್ ವರದಿಯನ್ನು ತೆರೆದು ನೋಡಿ. ಯಾವ ಔಷಧಿ ಅವರಿಗೆ ಆಗಿಬರುವುದಿಲ್ಲ ಎಂಬ ಟಿಪ್ಪಣಿ ಅಲ್ಲಿ ಕಾಣಿಸಬೇಕು. ಹೆಚ್ಚಿನವರು ಬ್ಯಾಕಪ್ ತೆಗೆಯುತ್ತಾರೆ, ತೆರೆದು ನೋಡುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. ರೋಗಿಗಳ ಕಡೆಯವರು ಬಳಸುವ ವೈಫೈಯನ್ನೂ ಸರ್ವರ್ ಇರುವ ಜಾಲದಿಂದ ಬೇರ್ಪಡಿಸಿ.

ಹಣ ಕೊಟ್ಟರೆ ಬಗೆಹರಿಯುತ್ತದೆಂದು ಭಾವಿಸಬೇಡಿ. 2021ರಲ್ಲಿ ಐರ್ಲೆಂಡಿನ ಆರೋಗ್ಯ ಸೇವೆಗೆ ದಾಳಿಕೋರರು ಕೀಲಿಯನ್ನು ಪುಕ್ಕಟೆಯಾಗಿಯೇ ಕೊಟ್ಟರೂ ಪೂರ್ತಿ ಚೇತರಿಕೆಗೆ ತಿಂಗಳುಗಳೇ ಹಿಡಿದವು.

ದಾಳಿಯಾದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ. ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷ್ಯ ಅಳಿಯುತ್ತದೆ. ಪರದೆಯ ಬೆದರಿಕೆ ಸಂದೇಶದ ಫೋಟೊ ತೆಗೆದುಕೊಳ್ಳಿ. 2022ರ ನಿರ್ದೇಶನದಂತೆ, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಿ.