ಬಿಸಿಲಿಗೂ ಜಾಕೆಟ್, ಬೆಟ್ಟಕ್ಕೂ ಜಾಕೆಟ್

ಪ್ರಶ್ನೆ: ಏಪ್ರಿಲ್ ಮಧ್ಯಾಹ್ನ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬೈಕಲ್ಲಿ ಹೋದರೆ ಮೈ ಬೆಂದುಹೋಗುತ್ತೆ, ಬೆಳಗಿನ ಜಾವ ನಂದಿಬೆಟ್ಟ ಹತ್ತಿದರೆ ನಡುಕ. ಏನು ಮಾಡಲಿ?

ಉತ್ತರ: ಸೆಖೆ ಅಂತ ಬರೀ ಟೀ ಶರ್ಟಲ್ಲಿ ಹೊರಡಬೇಡಿ. ಗಾಳಿಯ ಬಿಸಿ 35 ಡಿಗ್ರಿ ದಾಟಿದರೆ ಅದು ಮೈಯನ್ನು ಕಾಯಿಸುತ್ತದೆ. ಬೆವರು ಬೇಗ ಆರಿ ಮೈಯ ನೀರೂ ಬರಿದಾಗುತ್ತದೆ. ಹತ್ತಿಯ ಬನಿಯನ್ ನೆನೆಸಿ, ತೊಟ್ಟಿಕ್ಕದಂತೆ ಹಿಂಡಿ ತೊಡಿ. ಮೇಲೆ ಜಾಕೆಟ್ ಹಾಕಿ, ಕತ್ತಿನ ಬಳಿ ಜಿಪ್ ನಾಲ್ಕು ಬೆರಳಷ್ಟೇ ತೆರೆದಿಡಿ. ಪೂರ್ತಿ ತೆರೆದರೆ ಬನಿಯನ್ ಬೇಗ ಒಣಗಿ, ತಂಪು ಅಲ್ಲಿಗೇ ಮುಗಿಯುತ್ತದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಒಂದು ಲೋಟ ನೀರೋ ಉಪ್ಪು ಹಾಕಿದ ಮಜ್ಜಿಗೆಯೋ ಕುಡಿಯಿರಿ.

ನಂದಿಬೆಟ್ಟ 1,478 ಮೀಟರ್ ಎತ್ತರ. ಅಲ್ಲಿಗೆ ಒಣ ಬನಿಯನ್, ಜಾಕೆಟ್ ಮೇಲೆ ಗಾಳಿ ತೂರದ ಮಳೆಕೋಟು ಸಾಕು. ಕೈಗವಸು ಮಾತ್ರ ಮರೆಯಲೇಬೇಡಿ: ಮರಗಟ್ಟಿದ ಬೆರಳು ತಿರುವಿನಲ್ಲಿ ಬ್ರೇಕ್ ಹಿಡಿಯುವುದು ತಡವಾಗುತ್ತದೆ.