ನೂರು ಪ್ರಶ್ನಾವಳಿಗಿಂತ ಒಂದು ಅಂಗನವಾಡಿ ಮೇಲು

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಮಾನವ ಅಭಿವೃದ್ಧಿ ವಿದ್ಯಾರ್ಥಿನಿ, ಕೊನೆಯ ಸೆಮಿಸ್ಟರ್. ‘ಮೂರರಿಂದ ಆರು ವರ್ಷದ ಮಕ್ಕಳ ಮೇಲೆ ಮೊಬೈಲ್ ಬಳಕೆಯ ಪರಿಣಾಮ’ ಅಂತ ಪ್ರಾಜೆಕ್ಟ್‌ಗೆ ವಿಷಯ ಆರಿಸಿಕೊಂಡಿದ್ದೇನೆ. ನೂರು ಪೋಷಕರಿಂದ ಪ್ರಶ್ನಾವಳಿ ತುಂಬಿಸಿ ಅಂತ ಗೈಡ್ ಹೇಳಿದ್ದಾರೆ. ನಮ್ಮೂರಿನ ಅಂಗನವಾಡಿಯಲ್ಲೇ ಮಾಡಬಹುದಾ? ಇರೋದು ಮೂರೇ ತಿಂಗಳು.
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಅಂಗನವಾಡಿಯಲ್ಲಿ ಧಾರಾಳವಾಗಿ ಮಾಡಮ್ಮ. ವಿಷಯ ಮಾತ್ರ ಬದಲಾಯಿಸು. ‘ನಿಮ್ಮ ಮಗು ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತೆ?’ ಅಂದರೆ ಯಾವ ತಾಯಿ ‘ಮೂರು ಗಂಟೆ’ ಅಂತ ಬರೀತಾಳೆ? ‘ಅರ್ಧ ಗಂಟೆ’ ಅಂತ ಕಟ್ಟುಗಟ್ಟಲೆ ಹಾಳೆ ಬರುತ್ತೆ. ನೀನು ಅದಕ್ಕೆ ಶೇಕಡಾವಾರು ಹಾಕಿ, ಬಣ್ಣದ ಗ್ರಾಫ್ ಮಾಡಿ, ಬೈಂಡ್ ಮಾಡಿಸ್ತೀಯ. ಇನ್ನು ಪರಿಣಾಮದ ಮಾತು. ಮೊಬೈಲ್ ಕೊಟ್ಟಿದ್ದಕ್ಕೆ ಮಾತು ತಡವಾಯಿತೋ, ಮಾತಿಲ್ಲದೆ ರಚ್ಚೆ ಹಿಡಿಯುವ ಮಗು ಅಂತ ಮೊಬೈಲ್ ಕೊಟ್ಟರೋ, ಅದನ್ನು ನಿನ್ನ ಹಾಳೆ ಹೇಳೋದಿಲ್ಲ.

ಕಣ್ಣಿಗೆ ಕಾಣೋದನ್ನು ಹಿಡಿ. ಆಟ ನೋಡು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ತಂದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ನಿಮ್ಮ ನೆರೆಯ ತಿ. ನರಸೀಪುರವೂ ಅದರಲ್ಲಿತ್ತು. ಇಷ್ಟು ವರ್ಷವಾದರೂ, ನಾನು ಮೌಲ್ಯಮಾಪನಕ್ಕೆ ಓದಿದ ಅಂಗನವಾಡಿ ಪ್ರಬಂಧಗಳಲ್ಲಿ ಬಹುಪಾಲು ತೂಕ, ಎತ್ತರ, ಪೌಷ್ಟಿಕತೆ. ಮಕ್ಕಳು ಏನು ಆಡ್ತಾರೆ ಅಂತ ಕೂತು ನೋಡಿದವರು ಕಮ್ಮಿ.

ಮಿಲ್ಡ್ರೆಡ್ ಪಾರ್ಟನ್ ಹೆಸರು ಸಿಲಬಸ್‌ನಲ್ಲಿ ಓದಿರ್ತೀಯ. ಅಮೆರಿಕದ ಮಿನ್ನೆಸೋಟಾದ ನರ್ಸರಿ ಶಾಲೆಯಲ್ಲಿ ಒಂದೊಂದು ಮಗುವನ್ನೂ ಒಂದೊಂದು ನಿಮಿಷ ನೋಡಿ, ಒಂಟಿ ಆಟ, ಪಕ್ಕದಲ್ಲೇ ಕೂತು ಬೇರೆಬೇರೆ ಆಡೋದು, ಕೂಡಿ ಆಡೋದು ಅಂತೆಲ್ಲ ವಿಂಗಡಿಸಿ 1932ರಲ್ಲಿ ಪ್ರಕಟಿಸಿದಾಕೆ. ಆ ಒಂದು ನಿಮಿಷದ ವಿಧಾನ ನಿನಗೂ ಸಾಕು, ಖರ್ಚೂ ಇಲ್ಲ. ಆದರೆ ನಮ್ಮಲ್ಲಿ ಮೂರು ವರ್ಷದವರಿಂದ ಆರು ವರ್ಷದವರವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಮನೆ ಆಟದಲ್ಲಿ ದೊಡ್ಡ ಹುಡುಗಿ ಚಿಕ್ಕವಳಿಗೆ, “ನೀನು ಪಾಪು, ಮಲ್ಕೋ” ಅಂತಾಳೆ. ಅವಳು ಚಾಪೆ ಮೇಲೆ ಕಣ್ಣು ಮುಚ್ಚಿ ಮಲಗ್ತಾಳೆ. ಸ್ವಲ್ಪ ಹೊತ್ತಿಗೆ ಎದ್ದು, “ನಾನೂ ಸಾರು ಮಾಡ್ತೀನಿ” ಅಂತ ಸೌಟಿಗೆ ಕೈ ಹಾಕ್ತಾಳೆ. ಮಲಗಿದ್ದಳಲ್ಲ, ಅದು ಕೂಡಿ ಆಡಿದ್ದೋ, ಸುಮ್ಮನೆ ಇದ್ದದ್ದೋ? ಯಾವ ಕಾಲಮ್ಮಿಗೆ ಹಾಕ್ತೀಯ? ದೊಡ್ಡವರು ಚಿಕ್ಕವರನ್ನು ಆಟಕ್ಕೆ ಹೇಗೆ ಸೇರಿಸಿಕೊಳ್ತಾರೆ ಅನ್ನೋದನ್ನೇ ಪ್ರಶ್ನೆ ಮಾಡಿಕೋ.

ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಈ ವಾರವೇ ಹೋಗು. ಕಾರ್ಯಕರ್ತೆ ನಿನ್ನ ಚಿಕ್ಕಮ್ಮನೇ ಆಗಿದ್ದರೂ ಅನುಮತಿ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳು. ಮಗುವನ್ನು ಬಿಡೋಕೆ ಬರೋ ಅಜ್ಜಿ “ಬರ್ಕೋ ತಾಯಿ” ಅಂದರೆ ಸಾಲದು, ಅಪ್ಪ ಅಮ್ಮನ ಸಹಿ ಬೇಕು. ಸಹಿ ಇದ್ದರೂ, ಮಗು ನಿನ್ನನ್ನು ಕಂಡು ಸಹಾಯಕಿಯ ಸೆರಗಿನ ಹಿಂದೆ ಸೇರಿಕೊಂಡರೆ ಅವತ್ತು ಆ ಮಗುವಿನ ಬಗ್ಗೆ ಬರೆಯಬೇಡ. ಫೋಟೋ, ವಿಡಿಯೋ ಬೇಡವೇ ಬೇಡ.

ಮೊದಲ ವಾರ ಪುಸ್ತಕ ತೆಗೀಬೇಡ. ‘ಮಿಸ್’ ಅಂತ ಬಂದು ತೊಡೆ ಮೇಲೆ ಕೂರ್ತಾವೆ, ಯಾರೂ ಆಡೋದಿಲ್ಲ. ಆಮೇಲೆ ಬರೆಯುವಾಗ ‘ಹಟ ಮಾಡಿದ’ ಅಂತ ಬರೆದರೆ ಅದು ನಿನ್ನ ತೀರ್ಪು. ‘ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತ, ಉಪ್ಪಿಟ್ಟಿಗೆ ಕರೆದರೂ ಬರಲಿಲ್ಲ’ ಅಂತ ಬರಿ. ಹಟವೋ, ಅಮ್ಮನ ದಾರಿ ಕಾಯ್ತಿದ್ದನೋ, ಸಹಾಯಕಿಯನ್ನು ಕೇಳು. ಮನೆಮನೆ ಕಥೆ ಗೊತ್ತಿರೋದು ಆಕೆಗೆ.

ಗೈಡ್ ನೂರು ಅಂತ ಪಟ್ಟು ಹಿಡಿದರೆ ವಾದಕ್ಕೆ ಇಳಿಯಬೇಡ. ಎರಡು ದಿನ ನೋಡಿ ಬರೆದ ನಾಲ್ಕು ಪುಟ ಅವರ ಮೇಜಿನ ಮೇಲಿಟ್ಟು, “ಸರ್, ಹೀಗೆ ಹದಿನೈದು ಮಕ್ಕಳದ್ದು ಮಾಡಲಾ?” ಅಂತ ಕೇಳು. ಆಗಲೂ ಒಪ್ಪದಿದ್ದರೆ ಪೋಷಕರದ್ದೊಂದು ಸಣ್ಣ ಪ್ರಶ್ನಾವಳಿ ಮಾಡಿ ಅನುಬಂಧಕ್ಕೆ ಸೇರಿಸು. ಅವರಿಗೂ ಸಮಾಧಾನ.