ಮಲ್ಪೆಯಲ್ಲಿ ಕಂಡ ಅರೆಕಪ್ಪು ತಲೆಯ ಕಡಲಕ್ಕಿ ಮಿಶ್ರತಳಿಯಾ?

ಹೆಚ್ಚಾಗಿ ಅಲ್ಲ. ಮಾರ್ಚ್‌ನಲ್ಲಿ ಮಲ್ಪೆ ಬಂದರಿನ ಹತ್ತಿರ ತಲೆ ಅರ್ಧ ಕಪ್ಪು, ಅರ್ಧ ಬಿಳಿ ಕಂಡಿತು ಅಂದರೆ ಹಕ್ಕಿ ಗರಿ ಬದಲಿಸುತ್ತಿದೆ, ಅಷ್ಟೇ. ಚಳಿಗಾಲದಲ್ಲಿ ಕಂದುತಲೆ, ಕರಿತಲೆ ಅನ್ನುವ ಎರಡೂ ಕಡಲಕ್ಕಿ (ಗಲ್) ಜಾತಿಗೆ ತಲೆ ಬಿಳಿ, ಕಿವಿ ಹತ್ತಿರ ಒಂದು ಕಪ್ಪು ಮಚ್ಚೆ ಇರುತ್ತದೆ. ಮರಿ ಮಾಡಲು ಬಡಗಣಕ್ಕೆ ಹೊರಡುವ ಹೊತ್ತಿಗೆ (ಕಂದುತಲೆ ಲಡಾಖ್, ಟಿಬೆಟ್ ಕಡೆಯದ್ದು) ಟೊಪ್ಪಿ ಹಾಕಿಕೊಂಡ ಹಾಗೆ ಬಣ್ಣ ತುಂಬುತ್ತದೆ.

ತಲೆ ಬಿಡಿ, ಹಾರುವಾಗ ರೆಕ್ಕೆ ನೋಡಿ. ತುದಿ ಅಗಲವಾಗಿ ಕಪ್ಪಗಿದ್ದು ಅದರೊಳಗೆ ಬಿಳಿ ಚುಕ್ಕೆ ಇದ್ದರೆ ಬೆಳೆದ ಕಂದುತಲೆ. ಮುಂದಿನ ಅಂಚು ಬಿಳಿ, ತುದಿಗೆ ಮಾತ್ರ ಸಣ್ಣ ಕಪ್ಪು ಇದ್ದರೆ ಕರಿತಲೆ. ಬೆಳೆದ ಕಂದುತಲೆಯ ಕಣ್ಣು ತಿಳಿ ಬಣ್ಣ, ಕರಿತಲೆಯದ್ದು ಕಪ್ಪು. ಎಳೆ ಹಕ್ಕಿಗಳಲ್ಲಿ ಎರಡಕ್ಕೂ ಕಪ್ಪೇ, ಹಾಗಾಗಿ ಕಣ್ಣೊಂದನ್ನೇ ನಂಬಬೇಡಿ.

ದೊಡ್ಡ ಕಡಲಕ್ಕಿಗಳದ್ದು ಇನ್ನೂ ಜಾಸ್ತಿ ತಲೆನೋವು. ಪೂರ್ತಿ ಬಣ್ಣ ಬರಲು ಸುಮಾರು 4 ವರ್ಷ ಬೇಕು, ಅಲ್ಲಿವರೆಗೆ ಒಂದೊಂದೂ ಒಂದೊಂದು ಥರ. ಮಿಶ್ರತಳಿ ಇಲ್ಲವೇ ಇಲ್ಲ ಅಂತಲ್ಲ, ಅಮೆರಿಕದ ವಾಷಿಂಗ್ಟನ್ ಕರಾವಳಿಯಲ್ಲಿ ಎರಡು ದೊಡ್ಡ ಜಾತಿಗಳು ಕೂಡುವುದು ಮಾಮೂಲಿ. ಆದರೆ ಬೆನ್ನಿನ ಬಣ್ಣ, ರೆಕ್ಕೆತುದಿ, ಕೊಕ್ಕಿನ ದಪ್ಪ ಎಲ್ಲವನ್ನೂ ಒಟ್ಟಿಗೆ ನೋಡದೆ ಸುಮ್ನೆ ಮಿಶ್ರತಳಿ ಅನ್ನುವ ಹಾಗಿಲ್ಲ. ರೆಕ್ಕೆ ಬಿಚ್ಚಿದ ಫೋಟೊ ಇದೆಯಾ?